ಒಂದೇ ರೋಬಾಟ್, ಮೂರು ಸಿನಿಮಾ: ಮರೆಗೆ ಸರಿದ ಹಳೆಯ ಹಾರರ್, ಸೈ-ಫೈ ಚಿತ್ರಗಳನ್ನು ಹುಡುಕುವ ಬಗೆ

ದಪ್ಪ ಮೈಯ ಒಂದು ರೋಬಾಟ್, ಹೆಗಲ ಮೇಲೆ ಇಬ್ಬರು ಗಗನಯಾತ್ರಿಗಳನ್ನು ಹೊತ್ತು ಲಾವಾ ಹರಿಯುವ ಜಾಗ ದಾಟುತ್ತಿದೆ. ಕಾವು ಏರಿದಂತೆ ಅದರ ಯಂತ್ರಬುದ್ಧಿ ತನ್ನನ್ನು ಉಳಿಸಿಕೊಳ್ಳುವುದಕ್ಕೆ ಮುಂದಾಗುತ್ತದೆ. ಹೊತ್ತವರನ್ನೇ ಬೆಂಕಿಗೆ ಎಸೆಯಲು ನೋಡುತ್ತದೆ. ಈ ದೃಶ್ಯ ನೋಡಿದಾಗ ನನಗೆ ಹನ್ನೊಂದು ವರ್ಷ. ಯಾರೋ ಕೊಟ್ಟ ವಿಡಿಯೊ ಕ್ಯಾಸೆಟ್ಟು, ಮೇಲೆ ಹೆಸರಿನ ಚೀಟಿ ಇಲ್ಲ, ಮೊದಲ ಹತ್ತು ನಿಮಿಷ ಅಳಿಸಿಹೋಗಿದೆ. ಪಾತ್ರಗಳ ತುಟಿ ಒಂದು ಹೇಳಿದರೆ ಇಂಗ್ಲಿಷ್ ಮಾತು ಇನ್ನೊಂದು. ಪಕ್ಕದಲ್ಲಿ ಕೂತಿದ್ದ ಅಕ್ಕ ಕಣ್ಣು ಮುಚ್ಚಿಕೊಂಡು, "ಎಸೀತಾ? ಎಸೀತೇನೋ?" ಎಂದು ಕೇಳುತ್ತಲೇ ಇದ್ದಳು.

ಹದಿನೈದು ವರ್ಷದ ನಂತರ ಬೇರೊಂದು ಹಳೆಯ ಚಿತ್ರ ಹಾಕಿದೆ. ಚಿಪ್ಪಿನ ಉಡುಗೆ ತೊಟ್ಟ ಹೆಂಗಸರು ಕಡಲ ದಂಡೆಯಲ್ಲಿ ಕೂತು, ಹಾರುವ ಹಲ್ಲಿಯಂಥ ಒಂದು ದೇವರನ್ನು ಪೂಜಿಸುತ್ತಿದ್ದರು. ನಡುವೆ ಥಟ್ಟನೆ ಅದೇ ರೋಬಾಟ್, ಅದೇ ಲಾವಾ! ಅಕ್ಕನಿಗೆ ಫೋನ್ ಮಾಡಿದೆ. "ನಾವು ನೋಡಿದ್ದರಲ್ಲಿ ಹೆಂಗಸರೇ ಇರಲಿಲ್ವಲ್ಲೋ, ರಾಕೆಟ್ಟಿನಲ್ಲಿದ್ದ ಒಬ್ಬಳನ್ನು ಬಿಟ್ಟರೆ" ಎಂದಳು. ಅವಳ ನೆನಪು ಸರಿಯಾಗಿತ್ತು.

ಗಂಟು ಬಿಡಿಸಲು ನನಗೆ ತಿಂಗಳುಗಟ್ಟಲೆ ಹಿಡಿಯಿತು. ಮೂಲ ಚಿತ್ರ ಸೋವಿಯತ್ ಒಕ್ಕೂಟದ್ದು: 1962ರ 'ಪ್ಲಾನೆಟಾ ಬುರ್', ಅಂದರೆ ಬಿರುಗಾಳಿಗಳ ಗ್ರಹ. ನಿರ್ದೇಶಕ ಪಾವೆಲ್ ಕ್ಲುಶಾಂತ್ಸೆವ್. ಅದರ ಅಮೆರಿಕದ ಹಕ್ಕು ಕೊಂಡ ನಿರ್ಮಾಪಕ ರೋಜರ್ ಕಾರ್ಮನ್ ಅದೇ ದೃಶ್ಯಗಳಿಗೆ ಹೊಸ ತುಣುಕು ಸೇರಿಸಿ ಎರಡು ಬೇರೆ ಚಿತ್ರ ಮಾಡಿಸಿದ. ನಟ ಬೇಸಿಲ್ ರಾತ್‌ಬೋನ್ ಇರುವ 1965ರ 'ವಾಯೇಜ್ ಟು ದ ಪ್ರಿಹಿಸ್ಟಾರಿಕ್ ಪ್ಲಾನೆಟ್' ಒಂದು. ಚಿಪ್ಪಿನ ಹೆಂಗಸರ 1968ರ 'ವಾಯೇಜ್ ಟು ದ ಪ್ಲಾನೆಟ್ ಆಫ್ ಪ್ರಿಹಿಸ್ಟಾರಿಕ್ ವಿಮೆನ್' ಇನ್ನೊಂದು. ಮೊದಲನೆಯದನ್ನು ಮಾಡಿದವನು ಕರ್ಟಿಸ್ ಹ್ಯಾರಿಂಗ್‌ಟನ್, ಎರಡನೆಯದನ್ನು ಪೀಟರ್ ಬಾಗ್ಡಾನೊವಿಚ್. ಇಬ್ಬರೂ ತೆರೆಯ ಮೇಲೆ ಬೇರೆ ಹೆಸರು ಹಾಕಿಕೊಂಡಿದ್ದಾರೆ.

ಹಳೆಯ ಅಪರೂಪದ ಚಿತ್ರಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ರೋಬಾಟ್ ಕಲಿಸಿದ್ದು. ಈ ಚಿತ್ರಗಳಲ್ಲಿ ಹೆಚ್ಚಿನವು ಕಳೆದುಹೋಗಿಲ್ಲ. ಬೇರೆ ಹೆಸರಿನಲ್ಲಿ, ಬೇರೆ ವೇಷದಲ್ಲಿ ಇವೆ. ಹೆಸರು ಬಿಡಿಸಿಕೊಳ್ಳಲು ಬಂದರೆ ಅರ್ಧ ದಾರಿ ಸಾಗಿದಂತೆ.

ಮೂಲ ಹೆಸರು ಹಿಡಿಯಿರಿ

1950, 60ರ ದಶಕದಲ್ಲಿ ಒಂದು ದೇಶದ ಚಿತ್ರ ಇನ್ನೊಂದು ದೇಶಕ್ಕೆ ಹೋಗುವಾಗ ಹಂಚಿಕೆದಾರರು ಅದಕ್ಕೆ ತಮಗೆ ಬೇಕಾದ ಹೆಸರಿಡುತ್ತಿದ್ದರು. ಜಾರ್ಜ್ ಫ್ರಾಂಜು ನಿರ್ದೇಶಿಸಿದ 1960ರ ಫ್ರೆಂಚ್ ಚಿತ್ರ 'ಲೆ ಯೂ ಸಾಂ ವಿಸಾಜ್', ಮುಖವಿಲ್ಲದ ಕಣ್ಣುಗಳು, ನಾನು ಕಂಡ ಅತ್ಯಂತ ಸುಂದರವಾದ ಭಯಾನಕ ಚಿತ್ರ. ಅಮೆರಿಕದಲ್ಲಿ ಅದನ್ನು ಕತ್ತರಿಸಿ, ಡಬ್ ಮಾಡಿ 'ದ ಹಾರರ್ ಚೇಂಬರ್ ಆಫ್ ಡಾಕ್ಟರ್ ಫೌಸ್ಟಸ್' ಎಂದು ಬಿಡುಗಡೆ ಮಾಡಿದರು. ಆ ಚಿತ್ರದಲ್ಲಿ ಫೌಸ್ಟಸ್ ಎಂಬ ವೈದ್ಯನೇ ಇಲ್ಲ! ಜೆಕ್ ಚಿತ್ರ 'ಇಕಾರಿಯೆ ಎಕ್ಸ್‌ಬಿ 1' (1963) ಅಮೆರಿಕಕ್ಕೆ ಹೋಗಿ 'ವಾಯೇಜ್ ಟು ದಿ ಎಂಡ್ ಆಫ್ ದ ಯೂನಿವರ್ಸ್' ಆಯಿತು. ಕಲಾವಿದರ ಹೆಸರು ಬದಲಾದವು, ಕೊನೆಯ ದೃಶ್ಯದ ಅರ್ಥವೇ ತಿರುವುಮುರುವಾಯಿತು. ಆ ಕೊನೆ ಏನೆಂದು ಇಲ್ಲಿ ಹೇಳಲಾರೆ. ಮೂಲವನ್ನು ಮೊದಲು ನೋಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಆದ್ದರಿಂದ ಯಾವುದೇ ವಿದೇಶಿ ಹಳೆಯ ಚಿತ್ರದ ಇಂಗ್ಲಿಷ್ ಹೆಸರು ಕಿವಿಗೆ ಬಿದ್ದರೆ ನಾನು ಮೊದಲು ಮಾಡುವ ಕೆಲಸ ಇದು. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯಲ್ಲಿ ಆ ಚಿತ್ರದ ಪುಟ ತೆರೆದು 'ಬೇರೆ ಹೆಸರುಗಳು' ಎಂಬ ಭಾಗಕ್ಕೆ ಇಳಿಯುತ್ತೇನೆ. ಅಲ್ಲಿ ದೇಶವಾರು ಹೆಸರುಗಳಿರುತ್ತವೆ. ಮೂಲ ದೇಶದ ಹೆಸರನ್ನು ಅದರದೇ ಲಿಪಿಯಲ್ಲಿ, ರಷ್ಯನ್ ಆದರೆ ರಷ್ಯನ್, ಜಪಾನಿ ಆದರೆ ಜಪಾನಿ, ನಕಲು ಮಾಡಿಕೊಂಡು ಹುಡುಕುಪೆಟ್ಟಿಗೆಗೆ ಹಾಕುತ್ತೇನೆ. ಇಂಗ್ಲಿಷ್ ಹೆಸರಿಗೆ ಮಸುಕಾದ ಡಬ್ಬಿಂಗ್ ಪ್ರತಿ ಸಿಕ್ಕರೆ ಮೂಲ ಲಿಪಿಗೆ ಎಷ್ಟೋ ಸಲ ಶುಚಿಯಾದ ಪ್ರತಿಯೇ ಸಿಗುತ್ತದೆ. ಮಾಸ್ಕೊದ ಮಾಸ್‌ಫಿಲ್ಮ್ ಸ್ಟುಡಿಯೊ ತನ್ನ ಹಳೆಯ ಚಿತ್ರಗಳನ್ನು ತನ್ನದೇ ಯೂಟ್ಯೂಬ್ ಚಾನೆಲ್ಲಿನಲ್ಲಿ ಹಾಕುತ್ತ ಬಂದಿದೆ, ಹಲವಕ್ಕೆ ಇಂಗ್ಲಿಷ್ ಸಬ್‌ಟೈಟಲ್ಲೂ ಇದೆ. ರಷ್ಯನ್ ಲೇಖಕ ಗೊಗೊಲ್ ಬರೆದ ಕಥೆ ಆಧರಿಸಿದ 'ವಿಯ್' (1967) ಆ ಸ್ಟುಡಿಯೊದ್ದೇ. ಮೂರು ರಾತ್ರಿ ಹೆಣದ ಮುಂದೆ ಪ್ರಾರ್ಥನೆ ಓದಬೇಕಾದ ಹುಡುಗನ ಕಥೆ. ಮೂರನೆಯ ರಾತ್ರಿಯನ್ನು ಒಬ್ಬರೇ ನೋಡಬೇಡಿ.

ಒಬ್ಬರ ಬಾಲ ಹಿಡಿಯಿರಿ

'ನೋಡಲೇಬೇಕಾದ ನೂರು ಹಾರರ್ ಚಿತ್ರಗಳು' ಬಗೆಯ ಪಟ್ಟಿಗಳನ್ನು ನಾನು ಬಳಸುವುದಿಲ್ಲ. ಒಂದು ಪಟ್ಟಿಯನ್ನು ಇನ್ನೊಂದು ಪಟ್ಟಿ ನೋಡಿ ಬರೆದಿರುತ್ತಾರೆ; ಅದೇ ಅರವತ್ತು ಹೆಸರು ಸುತ್ತುತ್ತಿರುತ್ತವೆ. ಬದಲಿಗೆ ನಿಮಗೆ ಈಗಾಗಲೇ ಇಷ್ಟವಾದ ಒಂದು ಚಿತ್ರ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಯಾವುದು ಎಂದು ಕೇಳಿಕೊಳ್ಳಿ. ನೆರಳೋ, ಮುಖವೋ, ಕಥೆಯೋ? ಆಮೇಲೆ ಅದನ್ನು ಮಾಡಿದವರ ಹಿಂದೆ ಹೋಗಿ. ನಿರ್ದೇಶಕನ ಹಿಂದೆ ಎಲ್ಲರೂ ಹೋಗುತ್ತಾರೆ. ಛಾಯಾಗ್ರಾಹಕ, ನಿರ್ಮಾಪಕ, ಸಂಕಲನಕಾರ, ಮೂಲ ಕಥೆಗಾರ ಇವರ ಹಿಂದೆ ಹೋದಾಗಲೇ ಯಾರೂ ಹೇಳದ ಚಿತ್ರಗಳು ಸಿಗುವುದು.

ನಾನು ಹೋದ ಒಂದು ದಾರಿ ಹೇಳುತ್ತೇನೆ. 1931ರ 'ಡ್ರಾಕುಲಾ'ದ ಕೋಟೆಯ ಮೆಟ್ಟಿಲು, ಜೇಡರ ಬಲೆ ನೋಡಿ ಇದನ್ನು ಚಿತ್ರಿಸಿದವರು ಯಾರೆಂದು ಹುಡುಕಿದೆ: ಕಾರ್ಲ್ ಫ್ರಾಯಂಡ್. ಜರ್ಮನಿಯಲ್ಲಿ 1920ರ 'ಗೋಲೆಮ್', 1927ರ 'ಮೆಟ್ರೊಪೊಲಿಸ್' ಎರಡರ ಹಿಂದೆಯೂ ಇವನ ಕ್ಯಾಮೆರಾ ಇದೆ. ಹಾಲಿವುಡ್ಡಿಗೆ ಬಂದು 1932ರಲ್ಲಿ 'ದ ಮಮ್ಮಿ' ನಿರ್ದೇಶಿಸಿದ. ನಿರ್ದೇಶಕನಾಗಿ ಅವನ ಕೊನೆಯ ಚಿತ್ರ 1935ರ 'ಮ್ಯಾಡ್ ಲವ್'. ಅಪಘಾತದಲ್ಲಿ ಕೈ ಕಳೆದುಕೊಂಡ ಪಿಯಾನೊ ವಾದಕನಿಗೆ ಕೊಲೆಗಾರನೊಬ್ಬನ ಕೈ ಜೋಡಿಸುವ ಕಥೆ. ಬೋಳುತಲೆಯ ಪೀಟರ್ ಲೋರೆ ಶಸ್ತ್ರವೈದ್ಯ. ಒಂದು ಗಂಟೆ ಚಿಲ್ಲರೆ ಅಷ್ಟೇ, ಆದರೆ ಲೋರೆಯ ಕಣ್ಣು ವಾರಗಟ್ಟಲೆ ಬಿಡುವುದಿಲ್ಲ. ಆ ಕಥೆ ಎಲ್ಲಿಂದ ಬಂತು? ಮೊರೀಸ್ ರೆನಾರ್ ಎಂಬ ಫ್ರೆಂಚ್ ಲೇಖಕನ 1920ರ ಕಾದಂಬರಿಯಿಂದ. ಅದೇ ಕಾದಂಬರಿ 1924ರಲ್ಲೇ ಮೂಕಿ ಚಿತ್ರವಾಗಿತ್ತು, 'ಓರ್ಲಾಕ್ಸ್ ಹ್ಯಾಂಡೆ'. ನಿರ್ದೇಶಕ ರಾಬರ್ಟ್ ವೀನೆ, ನಟ ಕಾನ್ರಾಡ್ ಫೈಟ್. 1920ರ ಜರ್ಮನ್ ಹಾರರ್ ಚಿತ್ರ 'ಡಾಕ್ಟರ್ ಕಾಲಿಗರಿ'ಯ ಜೋಡಿ. ತನ್ನ ಎರಡು ಕೈಗಳನ್ನು ಪರಕೀಯ ಪ್ರಾಣಿಗಳಂತೆ ನೋಡುತ್ತ, ಅವುಗಳಿಂದ ದೂರ ಓಡಲಾಗದೆ ಒದ್ದಾಡುವ ಫೈಟ್‌ನ ಮೈಯಲ್ಲಿ ಮಾತಿಗಿಂತ ದೊಡ್ಡ ಭಯವಿದೆ. ಒಂದು ಮೆಟ್ಟಿಲಿನಿಂದ ಇಲ್ಲಿಗೆ ಬರಲು ನನಗೆ ಬೇಕಾದದ್ದು ನಾಲ್ಕು ಸಂಜೆ.

ಇನ್ನೊಂದು ದಾರಿ ನಿರ್ಮಾಪಕನದ್ದು. ಹೊಸದಾಗಿ ಶುರು ಮಾಡುವವರಿಗೆ ನಾನು ಕೊಡುವುದು ಇದನ್ನೇ. 1942ರಲ್ಲಿ ಹಾಲಿವುಡ್ಡಿನ ಆರ್‌ಕೆಒ ಸ್ಟುಡಿಯೊ ವ್ಯಾಲ್ ಲೂಟನ್ ಎಂಬುವನಿಗೆ ಕಡಿಮೆ ಖರ್ಚಿನ ಹಾರರ್ ಚಿತ್ರಗಳ ವಿಭಾಗ ಕೊಟ್ಟಿತು. ಷರತ್ತು ಮೂರು: ಒಂದು ಚಿತ್ರಕ್ಕೆ ಒಂದೂವರೆ ಲಕ್ಷ ಡಾಲರ್ ದಾಟಬಾರದು, 75 ನಿಮಿಷ ಮೀರಬಾರದು, ಹೆಸರನ್ನು ಸ್ಟುಡಿಯೊ ಕೊಡುತ್ತದೆ. ಕೊಟ್ಟ ಹೆಸರು 'ಕ್ಯಾಟ್ ಪೀಪಲ್', 'ಐ ವಾಕ್ಡ್ ವಿತ್ ಎ ಜೋಂಬಿ' ಇಂಥವು. ಆ ಹೆಸರುಗಳ ಒಳಗೆ ಲೂಟನ್ ಮತ್ತು ಅವನ ತಂಡ ಒಂಟಿತನ, ಅಪರಾಧಪ್ರಜ್ಞೆ, ಸಾವಿನ ಸೆಳೆತದ ಕಥೆಗಳನ್ನಿಟ್ಟರು. ರಾಕ್ಷಸನನ್ನು ತೋರಿಸಲು ದುಡ್ಡಿಲ್ಲ, ಆದ್ದರಿಂದ ನೆರಳು ತೋರಿಸಿದರು. 'ಕ್ಯಾಟ್ ಪೀಪಲ್'ನಲ್ಲಿ ರಾತ್ರಿ ಒಬ್ಬಳೇ ನಡೆಯುವ ಹೆಂಗಸಿನ ಹಿಂದೆ ಹೆಜ್ಜೆ ಸಪ್ಪಳ ಕೇಳುತ್ತದೆ, ನಿಲ್ಲುತ್ತದೆ. ನಾವು ಉಸಿರು ಹಿಡಿದಾಗ ಬುಸ್ಸೆಂದು ನುಗ್ಗಿ ಬರುವುದು ಒಂದು ಬಸ್ಸು. ಇವತ್ತಿನ ಹಾರರ್ ಚಿತ್ರಗಳು ನಮ್ಮನ್ನು ಬೆಚ್ಚಿಬೀಳಿಸುವ ಆಟದ ಬೇರು ಅಲ್ಲಿದೆ.

ಆ ಒಂದು ವಿಭಾಗದಿಂದ ಒಂಬತ್ತು ಹಾರರ್ ಚಿತ್ರ ಬಂದವು, ಅಲ್ಲಿಂದ ಹೊರಟ ಎಳೆಗಳು ಇನ್ನೂ ಹೆಚ್ಚು. 'ಕ್ಯಾಟ್ ಪೀಪಲ್' ನಿರ್ದೇಶಿಸಿದ ಜಾಕ್ ಟರ್ನರ್ ಮುಂದೆ ಇಂಗ್ಲೆಂಡಿನಲ್ಲಿ 'ನೈಟ್ ಆಫ್ ದ ಡೀಮನ್' (1957) ಮಾಡಿದ. ಲೂಟನ್‌ನ ವಿಭಾಗದಲ್ಲೇ ನಿರ್ದೇಶನಕ್ಕಿಳಿದ ರಾಬರ್ಟ್ ವೈಸ್ 1951ರಲ್ಲಿ 'ದ ಡೇ ದ ಅರ್ತ್ ಸ್ಟುಡ್ ಸ್ಟಿಲ್' ಎಂಬ ಸೈ-ಫೈ, 1963ರಲ್ಲಿ 'ದ ಹಾಂಟಿಂಗ್' ಎಂಬ ದೆವ್ವದ ಮನೆಯ ಚಿತ್ರ ಎರಡನ್ನೂ ಕೊಟ್ಟ. ಲೂಟನ್‌ನ 'ದ ಗೋಸ್ಟ್ ಶಿಪ್' (1943) ಮಾತ್ರ ಕಥೆ ಕದ್ದ ಆರೋಪದ ಮೊಕದ್ದಮೆಯಲ್ಲಿ ಸಿಕ್ಕಿ ದಶಕಗಟ್ಟಲೆ ಕತ್ತಲೆಯಲ್ಲಿತ್ತು. ನನ್ನ ಮನಸ್ಸು ಅಂಟಿರುವುದು 71 ನಿಮಿಷದ 'ದ ಸೆವೆಂತ್ ವಿಕ್ಟಿಮ್' (1943) ಚಿತ್ರಕ್ಕೆ. ಬಾಡಿಗೆ ಕೋಣೆಯಲ್ಲಿ ಒಂದು ಕುರ್ಚಿ, ಮೇಲೆ ನೇತುಹಾಕಿದ ಕುಣಿಕೆ, ಬೇರೇನೂ ಇಲ್ಲ. ನೆತ್ತರಿನ ಒಂದು ಹನಿ ತೋರಿಸದೆ ಅಷ್ಟು ಕತ್ತಲೆ ಮುಟ್ಟಿದ ಚಿತ್ರ ಅಪರೂಪ.

ದೇಶದ ಬಾಲವನ್ನೂ ಹಿಡಿಯಬಹುದು. ಜಪಾನಿನಿಂದ ನೊಬುಒ ನಕಗಾವಾನ ನರಕದರ್ಶನ 'ಜಿಗೊಕು' (1960), ಮೆಕ್ಸಿಕೊದಿಂದ 'ಎಲ್ ವಾಂಪಿರೊ' (1957), ಬ್ರೆಜಿಲ್‌ನಿಂದ ಉದ್ದುಗುರಿನ ಗೋರಿ ತೋಡುವವನಾಗಿ ತಾನೇ ನಟಿಸಿದ ನಿರ್ದೇಶಕ ಜೋಸೆ ಮೊಜಿಕಾ ಮಾರಿನ್ಸ್‌ನ ಚಿತ್ರಗಳು, ಪಾಕಿಸ್ತಾನದಿಂದ ಡ್ರಾಕುಲಾ ಕಥೆಗೆ ಹಾಡು ಕುಣಿತ ಬೆರೆಸಿದ 'ಜಿಂದಾ ಲಾಶ್' (1967), ತಮಿಳಿನಿಂದ ಅನ್ಯಗ್ರಹದವರು ಹಾಡುಗಾರ್ತಿಯನ್ನು ಹೊತ್ತೊಯ್ಯುವ 'ಕಲೈ ಅರಸಿ' (1963). ಒಂದೊಂದೂ ಒಂದೊಂದು ಬಾಗಿಲು.

ಅರ್ಧ ನೆನಪಿರುವ ಚಿತ್ರ

ಎಷ್ಟೋ ಜನ ಕೇಳುವುದು ಇದು: "ಚಿಕ್ಕಂದಿನಲ್ಲಿ ನೋಡಿದ್ದೆ, ಹೆಸರು ಗೊತ್ತಿಲ್ಲ." ಇಂಥ ಚಿತ್ರ ಹುಡುಕುವಾಗ ಕಥೆ ಹೇಳಲು ಹೋಗಬೇಡಿ. ಕಥೆ ನಮ್ಮ ತಲೆಯಲ್ಲಿ ವರ್ಷದಿಂದ ವರ್ಷಕ್ಕೆ ಬದಲಾಗಿರುತ್ತದೆ. ಬದಲಾಗದೆ ಉಳಿಯುವುದು ವಸ್ತುಗಳು, ಸದ್ದುಗಳು. ಒಂದು ಹಾಳೆಯಲ್ಲಿ ಅವನ್ನಷ್ಟೇ ಬರೆಯಿರಿ: ಬಣ್ಣದ್ದೋ ಕಪ್ಪು-ಬಿಳುಪೋ, ತುಟಿ ಮಾತಿಗೆ ಹೊಂದುತ್ತಿತ್ತೋ ಇಲ್ಲವೋ, ಯಾವ ವಾಹನ, ಯಾವ ವಾದ್ಯ, ಯಾವ ಉಡುಗೆ. ಆಮೇಲೆ, ಅದನ್ನು ನೋಡಿದ್ದು ಯಾವ ವರ್ಷ. ಚಿತ್ರ ಅದಕ್ಕಿಂತ ಹಳೆಯದು ಎಂಬಷ್ಟಾದರೂ ಖಾತ್ರಿಯಾಗುತ್ತದೆ. 'ದೆವ್ವ', 'ರಾಕೆಟ್' ಎಂದು ಹುಡುಕಿದರೆ ಸಾವಿರ ಚಿತ್ರ ಬರುತ್ತವೆ. 'ಲಾವಾ ದಾಟುವ ರೋಬಾಟ್' ಎಂದರೆ ಬೆರಳೆಣಿಕೆಯಷ್ಟು. ಐಎಂಡಿಬಿಯಲ್ಲಿ ಕಥೆಯ ಗುರುತುಪದಗಳ ಮೂಲಕ ಹುಡುಕುವ ಅನುಕೂಲವೂ ಇದೆ. ಎರಡು ಅಪರೂಪದ ಪದಗಳನ್ನು ಜೋಡಿಸಿ, ದಶಕವನ್ನು ಕಟ್ಟಿಹಾಕಿ.

ಆಗ ಜೊತೆಗೆ ಕೂತು ನೋಡಿದವರನ್ನೂ ಕೇಳಿ. ನನಗೆ ನೆನಪಿದ್ದದ್ದು ರೋಬಾಟ್. ಗ್ರಹಕ್ಕಿಳಿದವರಿಗಾಗಿ ಕಕ್ಷೆಯಲ್ಲಿ ಒಬ್ಬಳೇ ಕಾಯುತ್ತಿದ್ದ ಹೆಂಗಸು ಅಕ್ಕನಿಗೆ ನೆನಪಿದ್ದಳು. ಎರಡೂ ಸೇರಿಸಿದ ಮೇಲೆ ಹೆಸರು ಸಿಕ್ಕಿತು.

ನಿಮಿಷ ಎಣಿಸಿ

ಹೆಸರು ಸಿಕ್ಕಿತು, ಪ್ರತಿಯೂ ಸಿಕ್ಕಿತು ಅನ್ನಿ. ಪ್ಲೇ ಒತ್ತುವ ಮೊದಲು ಎಷ್ಟು ನಿಮಿಷವಿದೆ ನೋಡಿ. ಟರ್ನರ್‌ನ 'ನೈಟ್ ಆಫ್ ದ ಡೀಮನ್' ಇಂಗ್ಲೆಂಡಿನಲ್ಲಿ ಸುಮಾರು 95 ನಿಮಿಷ. ಅಮೆರಿಕದಲ್ಲಿ 'ಕರ್ಸ್ ಆಫ್ ದ ಡೀಮನ್' ಎಂಬ ಹೆಸರಿನಲ್ಲಿ ಸುಮಾರು 82. ಹೋದ ಹದಿಮೂರು ನಿಮಿಷದಲ್ಲಿ ಭಯ ಮೆಲ್ಲಗೆ ಕಟ್ಟಿಕೊಳ್ಳುವ ದೃಶ್ಯಗಳಿದ್ದವು. 1954ರ ಜಪಾನಿ 'ಗೊಜಿರಾ' (ಗಾಡ್ಜಿಲ್ಲಾ) 96 ನಿಮಿಷ. ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನಾಗಿ ತುರುಕಿದ 1956ರ ಅಮೆರಿಕದ ರೂಪ 80. ಮೂಲದಲ್ಲಿ ಅಣುಬಾಂಬಿನ ದುಃಖ ಎಷ್ಟು ದಟ್ಟವಾಗಿದೆ ಎಂಬುದು ಎರಡನ್ನೂ ನೋಡಿದವರಿಗೇ ಗೊತ್ತು. 1922ರ ಮೂಕಿ ಚಿತ್ರ 'ಹೆಕ್ಸಾನ್' 77 ನಿಮಿಷದ್ದು ಸಿಕ್ಕರೆ ಅದು 1968ರಲ್ಲಿ ಅಮೆರಿಕದ ಲೇಖಕ ವಿಲಿಯಂ ಬರೋಸ್‌ನ ದನಿ ಸೇರಿಸಿ ಕಿರಿದಾಗಿಸಿದ್ದು. ಅದಕ್ಕೂ ಒಂದು ರುಚಿಯಿದೆ, ಆದರೆ ಮೊದಲು ಮೂಲವನ್ನೇ ನೋಡಿ.

ಒಂದು ಎಚ್ಚರಿಕೆ. ನಾಲ್ಕೈದು ನಿಮಿಷ ಕಡಿಮೆ ಇದ್ದ ಮಾತ್ರಕ್ಕೆ ಕತ್ತರಿ ಬಿದ್ದಿದೆ ಎಂದುಕೊಳ್ಳಬೇಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು. ಯುರೋಪಿನ ಹಳೆಯ ಟಿವಿ ಪದ್ಧತಿಯಲ್ಲಿ 25. ಹಾಗಾಗಿ ಅಲ್ಲಿನ ಡಿವಿಡಿಗಳಲ್ಲಿ ನೂರು ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ಒಂದು ದೃಶ್ಯವೂ ಹೋಗಿರುವುದಿಲ್ಲ. ಮೂಕಿ ಚಿತ್ರಗಳಿಗಂತೂ ಓಡಿಸುವ ವೇಗವೇ ನಿಶ್ಚಿತವಿರಲಿಲ್ಲ, ಅವುಗಳ ನಿಮಿಷ ಹಿಗ್ಗುತ್ತದೆ ಕುಗ್ಗುತ್ತದೆ.

ಚೌಕಟ್ಟಿನ ಆಕಾರವನ್ನೂ ಗಮನಿಸಿ. ಅಗಲ ತೆರೆಗೆ ತೆಗೆದ ಚಿತ್ರವನ್ನು ಹಳೆಯ ಟಿವಿಯ ಚೌಕಕ್ಕೆ ಕತ್ತರಿಸಿದರೆ ಚಿತ್ರದ ಶೇಕಡಾ 40ಕ್ಕೂ ಹೆಚ್ಚು ಭಾಗ ಹೋಗುತ್ತದೆ. ಹಾರರ್ ಚಿತ್ರದಲ್ಲಿ ಭಯ ಇರುವುದೇ ಅಂಚಿನಲ್ಲಿ.

ನಿಮಿಷ ಎಣಿಸುವುದರಿಂದ ಚರಿತ್ರೆಯೇ ಬದಲಾದದ್ದುಂಟು. 'ಮೆಟ್ರೊಪೊಲಿಸ್' 1927ರಲ್ಲಿ ತೆರೆಕಂಡ ಕೆಲವೇ ತಿಂಗಳಲ್ಲಿ ಕತ್ತರಿಗೆ ಸಿಕ್ಕಿತು, ಪೂರ್ಣ ರೂಪ ಹೋಗಿಯೇಬಿಟ್ಟಿತು ಎಂದು ಎಲ್ಲರೂ ನಂಬಿದ್ದರು. ಅರ್ಜೆಂಟೀನಾದ ಫಿಲ್ಮ್ ಸೊಸೈಟಿಯ ಹಿರಿಯರೊಬ್ಬರು, ಹಿಂದೊಮ್ಮೆ ಈ ಚಿತ್ರ ಹಾಕಿದಾಗ ರೀಲು ಜಾರದಂತೆ ಪ್ರೊಜೆಕ್ಟರಿಗೆ ಎರಡು ಗಂಟೆಗೂ ಮೀರಿ ಬೆರಳು ಒತ್ತಿ ನಿಂತಿದ್ದನ್ನು ನೆನೆದರು. ಎಲ್ಲರಿಗೂ ಗೊತ್ತಿದ್ದ ರೂಪ ಅಷ್ಟು ಹೊತ್ತು ಓಡುವುದೇ ಇಲ್ಲವಲ್ಲ! ಈ ಮಾತು ಕೇಳಿದ ಫರ್ನಾಂಡೊ ಪೆನ್ಯ ಎಂಬ ಸಂಗ್ರಾಹಕನ ತಲೆಯಲ್ಲಿ ಅದು ವರ್ಷಾನುಗಟ್ಟಲೆ ಕೊರೆಯಿತು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ ಗೀರು ತುಂಬಿದ 16 ಎಂಎಂ ಪ್ರತಿ ಸಿಕ್ಕಿತು. ಕಾಣೆಯಾಗಿದ್ದ ಸುಮಾರು 25 ನಿಮಿಷ ಅದರಲ್ಲಿತ್ತು. ಈಗ ಆ ಚಿತ್ರ ನೋಡುವಾಗ ಗೀರುಬಿದ್ದ ದೃಶ್ಯ ಬಂದರೆ ನನ್ನ ಕಣ್ಣು ತುಂಬುತ್ತದೆ.

ಹಕ್ಕಿಲ್ಲದ ಚಿತ್ರಗಳು

ಅಮೆರಿಕದಲ್ಲಿ 1978ಕ್ಕೆ ಮೊದಲು ಬಿಡುಗಡೆಯಾಗುವ ಚಿತ್ರದ ಮೇಲೆ ಹಕ್ಕುಸ್ವಾಮ್ಯದ ಸೂಚನೆ ಇರಲೇಬೇಕಿತ್ತು. ಜಾರ್ಜ್ ರೊಮೆರೊನ 'ನೈಟ್ ಆಫ್ ದ ಲಿವಿಂಗ್ ಡೆಡ್' (1968) ಚಿತ್ರದ ಮೊದಲ ಹೆಸರು ಬೇರೆ ಇತ್ತು. ಹಂಚಿಕೆದಾರರು ಹೆಸರು ಬದಲಿಸುವಾಗ ಟೈಟಲ್ ಜೊತೆಗಿದ್ದ ಸೂಚನೆಯೂ ಹೋಯಿತು, ಚಿತ್ರ ಅಲ್ಲಿ ಎಲ್ಲರ ಸ್ವತ್ತಾಯಿತು. ಇಂಥವು ಹಳೆಯ ಚಿತ್ರ, ಪುಸ್ತಕಗಳನ್ನು ಉಚಿತವಾಗಿ ಇಡುವ ಜಾಲತಾಣ ಇಂಟರ್‌ನೆಟ್ ಆರ್ಕೈವ್‌ನಲ್ಲಿ ರಾಶಿ ಇವೆ. ಆದರೆ ಹಕ್ಕಿಲ್ಲದ ಚಿತ್ರಕ್ಕೆ ಕಾಳಜಿ ಮಾಡುವವರೂ ಕಡಿಮೆ. ಒಂದೇ ಚಿತ್ರದ ಹತ್ತು ಪ್ರತಿಗಳಲ್ಲಿ ಒಂಬತ್ತು ಮಸುಕು. ಎರಡು ಮೂರು ಪ್ರತಿಗಳ ಅದೇ ಕತ್ತಲೆಯ ದೃಶ್ಯ ತೆರೆದು ಹೋಲಿಸಿ. ನೆರಳಿನೊಳಗೆ ಗೋಡೆ ಕಂಡರೆ ಆ ಪ್ರತಿ ಇಟ್ಟುಕೊಳ್ಳಿ. ಪುನರುಜ್ಜೀವನಗೊಂಡ ಡಿಸ್ಕ್ ಸಿಗುವಂತಿದ್ದರೆ ಅದನ್ನೇ ಕೊಳ್ಳಿ. ಆ ದುಡ್ಡು ಮುಂದಿನ ಚಿತ್ರವನ್ನು ಉಳಿಸುತ್ತದೆ.

ಈ ಗುಂಪಿನಿಂದ ಒಂದೇ ಒಂದು ನೋಡುವುದಾದರೆ 'ಕಾರ್ನಿವಲ್ ಆಫ್ ಸೋಲ್ಸ್' (1962). ನಿರ್ದೇಶಕ ಹರ್ಕ್ ಹಾರ್ವಿ ಕ್ಯಾನ್ಸಸ್‌ನಲ್ಲಿ ಶಿಕ್ಷಣ, ಕೈಗಾರಿಕೆಗಳ ಕಿರುಚಿತ್ರ ಮಾಡುತ್ತಿದ್ದವನು. ಸಾಲ್ಟ್ ಲೇಕ್ ಸಿಟಿಯ ಬಳಿ ಪಾಳುಬಿದ್ದ ಸಾಲ್ಟೇರ್ ಎಂಬ ವಿಹಾರಮಂದಿರ ಅವನ ಕಣ್ಣಿಗೆ ಬಿತ್ತು, ಅದರ ಸುತ್ತ ಚಿತ್ರ ಕಟ್ಟಿದ. ಕಥಾನಾಯಕಿ ಚರ್ಚಿನಲ್ಲಿ ಆರ್ಗನ್ ನುಡಿಸುವವಳು, ಚಿತ್ರದ ಸಂಗೀತವೂ ಆರ್ಗನ್ನಿನದೇ. ಇಯರ್‌ಫೋನ್ ಹಾಕಿಕೊಂಡು, ದೀಪ ಆರಿಸಿ, ಫೋನ್ ಪಕ್ಕದ ಕೋಣೆಯಲ್ಲಿಟ್ಟು ನೋಡಿ.

ನಿಜವಾಗಿ ಕಳೆದುಹೋದವೂ ಇವೆ. ಲಾನ್ ಚೇನಿ ನಟಿಸಿದ 'ಲಂಡನ್ ಆಫ್ಟರ್ ಮಿಡ್‌ನೈಟ್' (1927) ಚಿತ್ರದ ಕೊನೆಯ ಪ್ರತಿ 1965ರಲ್ಲಿ ಎಂಜಿಎಂ ಸ್ಟುಡಿಯೊದ ಉಗ್ರಾಣದ ಬೆಂಕಿಯಲ್ಲಿ ಸುಟ್ಟುಹೋಯಿತೆನ್ನುತ್ತಾರೆ. ಅದರ ಪೂರ್ತಿ ಪ್ರತಿ ಇದೆ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಹಾಗೆಂದು ಆಸೆ ಬಿಡಲೂ ಬೇಡಿ. 'ದ ಓಲ್ಡ್ ಡಾರ್ಕ್ ಹೌಸ್' (1932) ಕೂಡ ಹೋಯಿತೆಂದೇ ಇದ್ದರು. 1968ರಲ್ಲಿ ಒಬ್ಬ ಹಠಹಿಡಿದು ಯೂನಿವರ್ಸಲ್ ಸ್ಟುಡಿಯೊದ ಉಗ್ರಾಣದಿಂದ ಅದನ್ನು ಹೊರತೆಗೆಸಿದ. ಅವನು ಕರ್ಟಿಸ್ ಹ್ಯಾರಿಂಗ್‌ಟನ್, ನನ್ನ ರೋಬಾಟಿನ ಮೊದಲ ಅಮೆರಿಕನ್ ಚಿತ್ರಕ್ಕೆ ಸುಳ್ಳು ಹೆಸರು ಹಾಕಿಕೊಂಡವನೇ. ಇದು ತಿಳಿದ ದಿನ ನಾನು ಮತ್ತೆ ಅಕ್ಕನಿಗೆ ಫೋನ್ ಮಾಡಿದ್ದೆ.

ನೋಡಿದ ಅರ್ಧ ಗಂಟೆಯೊಳಗೆ

ಒಂದು ನೋಟ್‌ಬುಕ್ ಇಡಿ. ನನ್ನದರಲ್ಲಿ ಒಂದು ಚಿತ್ರಕ್ಕೆ ಒಂದು ಪುಟ: ಮೂಲ ಹೆಸರು, ಬೇರೆ ಹೆಸರುಗಳು, ನಾನು ನೋಡಿದ ಪ್ರತಿ ಎಷ್ಟು ನಿಮಿಷದ್ದು, ಯಾವ ದೃಶ್ಯದಲ್ಲಿ ಬೆನ್ನು ನೆಟ್ಟಗಾಯಿತು. ನಕ್ಷತ್ರ, ಅಂಕ ಹಾಕುವುದಿಲ್ಲ. ಪುಟದ ಕೊನೆಯ ಸಾಲು ಯಾವಾಗಲೂ ಒಂದು ಹೆಸರು: ಇಲ್ಲಿಂದ ಮುಂದೆ ಯಾರ ಹಿಂದೆ ಹೋಗಬೇಕು ಎಂದು. ಮಾರನೆಯ ದಿನಕ್ಕೆ ಬಿಟ್ಟರೆ ಆ ಹೆಸರು ಮರೆಯುತ್ತದೆ.

ಮೊನ್ನೆಯ ಪುಟ ಹೀಗಿದೆ: "'ಮಟಾಂಗೊ', ಜಪಾನ್, 1963. ಅಮೆರಿಕದ ಟಿವಿಯಲ್ಲಿ 'ಅಟ್ಯಾಕ್ ಆಫ್ ದ ಮಶ್ರೂಮ್ ಪೀಪಲ್'. 89 ನಿಮಿಷ, ಪೂರ್ತಿ. ಗೊಜಿರಾ ಮಾಡಿದ ಇಶಿರೊ ಹೊಂಡಾನೇ ನಿರ್ದೇಶಕ. ಹಡಗು ಒಡೆದು ದ್ವೀಪ ಸೇರಿದವರು ಹಸಿವಿಗೆ ಅಣಬೆ ತಿನ್ನುತ್ತಾರೆ, ತಿಂದವರು ಅಣಬೆಯಾಗುತ್ತಾರೆ. ಮಳೆಯಲ್ಲಿ ಅಣಬೆಗಳು ಬೆಳೆಯುವ ದೃಶ್ಯ! ಕಥೆ ವಿಲಿಯಂ ಹೋಪ್ ಹಾಜ್‌ಸನ್‌ನದು, 1907. ಅದೇ ಕಥೆ 1958ರಲ್ಲಿ ಅಮೆರಿಕದ 'ಸಸ್ಪಿಶನ್' ಟಿವಿ ಸರಣಿಯ ಒಂದು ಕಂತಾಗಿದೆ." ಆ ಕಂತನ್ನು ಇನ್ನೂ ನೋಡಿಲ್ಲ. ಮುಂದಿನ ಪುಟದ ಮೇಲೆ ಅದರ ಹೆಸರು ಬರೆದಿಟ್ಟಿದ್ದೇನೆ.